ಫಿಲೋಳ ಪಾಲಿನ ಜಪ

ಫಿಲೋ, ನಿನ್ನ ಬಾಯಿಂದ ಪ್ರಾರ್ಥನೆಯನ್ನು ಕಿತ್ತುಕೊಂಡವಳು ನಾನು. ಆಮೇಲೆ ನಿನಗೆ ತಲುಪಬೇಕಿದ್ದ ಒಂದು ಮಾತನ್ನೂ ಬಚ್ಚಿಟ್ಟೆ. ಎಪ್ಪತ್ತರ ದಶಕದ ಆ ಸಂಜೆ—ನೀನು ಮರೆತಿರಲಾರೆ.

ರಾಜಾಜಿನಗರದ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಕೂಡಿ ಜಪಸರ. ಒಬ್ಬೊಬ್ಬರು ಒಂದೊಂದು ಹತ್ತನ್ನು, ಅಂದರೆ ಹತ್ತು ಸಲ "ನಮೋ ಮರಿಯಾ" ಹೇಳುವುದನ್ನು, ಮುನ್ನಡೆಸಬೇಕು. ನಾಲ್ಕನೆಯದು ಮನೆಮಗಳಾದ ನಿನ್ನದು; ಸೊಸೆ ನಾನು, ನನ್ನದು ಕೊನೆಗೆ. "ನಮೋ ಮರಿಯಾ" ಎನ್ನುವಲ್ಲೇ ನಿನ್ನ ನಾಲಿಗೆ ತಡೆಯುತ್ತಿತ್ತು. ನಾನೋ, ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಪ್ರೈಜ್ ಗೆದ್ದವಳು! ತಾಳ್ಮೆಯೂ ಪ್ರಾರ್ಥನೆಯೇ ಎಂದು ಸಿಸ್ಟರ್‌ಗಳು ಕಲಿಸಿದ್ದರು—ಕಲಿತಿದ್ದೆ, ಮಾರಲ್ ಸೈನ್ಸ್ ಪರೀಕ್ಷೆಗೆ. ನಿನ್ನ ಸರದಿ ಬಂದರೆ ಸಾಕು, ಮಂಡಿ ನೋಯುತ್ತಿತ್ತು, ಒಲೆಯ ಮೇಲಿನ ಸಾರು ನೆನಪಾಗುತ್ತಿತ್ತು...

ನಿನ್ನನ್ನು ನೋಡಲು ವಿಜಯನಗರದಿಂದ ಹುಡುಗನೂ ಅವನ ತಾಯಿಯೂ ಬಂದ ದಿನ, ಅಡುಗೆಮನೆಯಲ್ಲಿ ನೀನು ನನ್ನ ಸೆರಗು ಹಿಡಿದು ಕೇಳಿಕೊಂಡೆ.

"ಅ... ಅತ್ತಿಗೆ, ಲೇಟಾದ್ರೂ ನಾನೇ ಹೇಳ್ತೀನಿ. ನೀವು ಮಧ್ಯೆ ಬರ್ಬೇಡಿ, ಪ್ಲೀಸ್."

"ಆಯ್ತು ಕಣೇ ಮಹರಾಯ್ತಿ, ಬಾಯಿಗೆ ಬೀಗ ಹಾಕ್ಕೊಂಡಿರ್ತೀನಿ!"

ಅವರೂ ನಮ್ಮೊಡನೆ ಮಂಡಿಯೂರಿದರು. ಮೊದಲನೆಯ ನಮೋ ಮರಿಯಾ ನೀನು ಹೇಗೋ ದಾಟಿದೆ. ಎರಡನೆಯದಕ್ಕೆ ಮಾತು ನಿಂತಿತು. ಕುತ್ತಿಗೆಯ ನರ ಉಬ್ಬಿತು. ಯಾರೂ ಅಲುಗಲಿಲ್ಲ—ನನ್ನಿಂದ ಮಾತ್ರ ಕಾಯಲಾಗಲಿಲ್ಲ.

"ಬಿಡು ಫಿಲೋ, ನಾನೇ ಮುಗಿಸ್ತೀನಿ."

ಉಳಿದದ್ದನ್ನೆಲ್ಲ ಪಟಪಟನೆ ಹೇಳಿಬಿಟ್ಟೆ. ಎಷ್ಟು ಕ್ಲಿಯರ್ ಆಗಿ! ನೀನು ಎದ್ದು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಮರುದಿನ, ಈ ಸಂಬಂಧ ಬೇಡವೆಂದು ನೀನೇ ತಲೆಯಾಡಿಸಿದೆ. ಅವರೇ ಒಪ್ಪಿರಲಾರರು ಎಂದುಕೊಂಡೆಯಲ್ಲವೇ?

ಹೊರಡುವಾಗ ಗೇಟಿನ ಬಳಿ ಆ ತಾಯಿ ನನ್ನ ಕೈ ಹಿಡಿದುಕೊಂಡು ಅಂದಿದ್ದರು: "ಹುಡುಗಿಗೆ ಹೇಳಮ್ಮಾ, ನಮಗೇನೂ ಅರ್ಜೆಂಟಿಲ್ಲ. ಅವಳು ಎಷ್ಟು ಹೊತ್ತು ತಗೊಂಡಿದ್ರೂ ಕಾಯ್ತಿದ್ವಿ. ನನ್ನ ಮಗನೂ ಅದನ್ನೇ ಅಂದ."

ನಾನು ಹೇಳಲಿಲ್ಲ. ಹೇಳಿದ್ದರೆ, ಆ ಕೋಣೆಯಲ್ಲಿ ಕಾಯಲಾರದವಳು ನಾನೊಬ್ಬಳೇ ಎಂದು ಎಲ್ಲರಿಗೂ ತಿಳಿಯುತ್ತಿತ್ತು.

ನೀನು ಮದುವೆಯಾಗಲಿಲ್ಲ. ಜಪವನ್ನೂ ಮತ್ತೆಂದೂ ಮುನ್ನಡೆಸಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು. ಈಗ ನೀನು ಕೆಂಗೇರಿಯಲ್ಲಿ ನನ್ನ ಮಗಳ ಮನೆಯಲ್ಲಿದ್ದೀಯ. ನಿನ್ನಣ್ಣನೂ ತೀರಿಕೊಂಡ ಮೇಲೆ ಇಲ್ಲಿ ಐದು ಹತ್ತುಗಳನ್ನೂ ನಾನೊಬ್ಬಳೇ ಹೇಳುತ್ತೇನೆ. ಎಷ್ಟು ಬೇಗ ಮುಗಿದುಹೋಗುತ್ತದೆ, ಫಿಲೋ... ನೀನು ಪಕ್ಕದಲ್ಲಿ ಮಂಡಿಯೂರಿ ತಡವರಿಸಬಾರದೇ, ಸಾರು ಆರಿದರೆ ಆರಲಿ, ಎನಿಸುತ್ತದೆ.

ಪಾಪನಿವೇದನೆಗೆ ಹೋದಾಗೆಲ್ಲ "ಇಂಪೇಷನ್ಸ್, ಫಾದರ್" ಎಂದು ಒಂದೇ ಪದದಲ್ಲಿ ಮುಗಿಸಿ ಎದ್ದು ಬಂದಿದ್ದೇನೆ. ಗೇಟಿನ ಬಳಿಯ ಮಾತನ್ನು ಯಾರಿಗೂ ಹೇಳಿಲ್ಲ. ಅದು ಮೊದಲು ನಿನಗೆ ಸಲ್ಲಬೇಕಾದದ್ದು.

ಈ ಭಾನುವಾರ ಚರ್ಚಿನಿಂದ ನೇರ ಕೆಂಗೇರಿಗೆ ಬರುತ್ತೇನೆ. ಎದುರು ಕೂತು ಎಲ್ಲವನ್ನೂ ಹೇಳುತ್ತೇನೆ. ನಿನಗೆ ಸಿಟ್ಟು ಬರುತ್ತದೆ. ಸಿಟ್ಟು ಬಂದರೆ ನಿನ್ನ ಮಾತು ಇನ್ನೂ ತಡೆಯುತ್ತದೆ—ಗೊತ್ತು. ಬೈಯಬೇಕಾದದ್ದನ್ನೆಲ್ಲ ಬೈದು ಮುಗಿಸು. ಒಂದೇ ಒಂದು ಪದವನ್ನೂ ನಾನು ಎತ್ತಿಕೊಡುವುದಿಲ್ಲ.