ಶುಕೂರನ ಮರದ ನಲ್ಲಿ

ಚನ್ನಪಟ್ಟಣದ ಶುಕೂರ್ ಮಲಗಿದ್ದನ್ನು ನಾನು ನೋಡಿದ್ದು ಸೈಕಲ್ಲಿನ ಮೇಲೆ ಮಾತ್ರ. ಮಿಕ್ಕಂತೆ ಅವನು ಕೂತಲ್ಲಿ ಕೂರುವ, ನಿಂತಲ್ಲಿ ನಿಲ್ಲುವ ಆಸಾಮಿಯಲ್ಲ. ಗೊಂಬೆ ಕಡೆಯುತ್ತ ಬಗ್ಗಿ ಬಗ್ಗಿ ಸೊಂಟ ಹಿಡಿದಾಗ ಡಾಕ್ಟರು ಸೈಕಲ್ ಬಿಡು ಎಂದರು. ಬೆನ್ನು ಬಗ್ಗಿಸಬಾರದು, ಅಷ್ಟೇ ತಾನೇ ಎಂದುಕೊಂಡ ಇವನು ಎರಡು ಹಳೇ ಸೈಕಲ್ಲು ಬೆಸೆಸಿ, ಹಿಂದಕ್ಕೆ ಒರಗಿ ಕಾಲು ಮುಂದೆ ಚಾಚಿ ತುಳಿಯುವ ಗಾಡಿ ಮಾಡಿಸಿಕೊಂಡ. ಅವನು ಹೋಗುವುದನ್ನು ನೋಡಿದರೆ ಯಾರೋ ಈಸಿಚೇರಿನ ಸಮೇತ ಮನೆಬಿಟ್ಟು ಓಡಿಹೋಗುತ್ತಿದ್ದಾರೆ ಅನ್ನಿಸುತ್ತದೆ.

ಹೆಂಡತಿ ಗುಲ್ಜಾರ್ ಬೀಗೆ ಗಾಡಿಯ ಚಿಂತೆಯಿರಲಿಲ್ಲ, ಅವನ ಕಿಡ್ನಿಯ ಚಿಂತೆ. ಹೋದ ಬೇಸಿಗೆಯಲ್ಲಿ ಕಲ್ಲಿನ ನೋವು ತಡೆಯಲಾರದೆ ಅವನು ಆಸ್ಪತ್ರೆಯ ನೆಲದ ಮೇಲೆ ಹೊರಳಾಡಿದ್ದ. ನೀರು ಕುಡಿಯುವುದಕ್ಕೂ ನಿಲ್ಲದ ಮನುಷ್ಯ. ಹಾಗಾಗಿ ಆಕೆ ಷರತ್ತು ಹಾಕಿದಳು: ಎಲ್ಲಿಗಾದರೂ ಹೋಗಿ, ನಾನು ತುಂಬಿಕೊಟ್ಟ ಕ್ಯಾನು ಖಾಲಿಯಾಗಿ ಮನೆಗೆ ಬರಬೇಕು. ಇಲ್ಲದಿದ್ದರೆ ಗಾಡಿ ಗುಜರಿಗೆ.

ಒರಗಿಕೊಂಡು ಬಾಟಲಿ ಎತ್ತಿದರೆ ನೀರು ಮೂಗಿಗೆ ಹೋಗುತ್ತದೆ. ಅದಕ್ಕೆ ಶುಕೂರ್ ಕ್ಯಾನನ್ನು ಸೀಟಿನ ಹಿಂದೆ ತಲೆಕೆಳಗಾಗಿ ಕಟ್ಟಿ, ಅದರ ಬಾಯಿಗೆ ನಲ್ಲಿ ಸಿಕ್ಕಿಸಿ, ಅಲ್ಲಿಂದ ತನ್ನ ಬಾಯಿಗೆ ಪೈಪು ಎಳೆದ. ಪ್ಲಾಸ್ಟಿಕ್ ನಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುತ್ತಿತ್ತು. ಆದರೆ ಗೊಂಬೆ ಮಾಡುವವನು ಪ್ಲಾಸ್ಟಿಕ್ ಹಾಕಿಕೊಂಡರೆ ಬೀದಿಯಲ್ಲಿ ತಲೆಯೆತ್ತುವುದು ಹೇಗೆ? ತಾನೇ ಮರದ ನಲ್ಲಿ ಕಡೆದು, ಹೊರಗಡೆ ಕೆಂಪು ಅರಗು ಹಚ್ಚಿದ. ತಿರುಗಿಸಿದರೆ ಬೆಣ್ಣೆಯ ಹಾಗೆ ತಿರುಗುತ್ತಿತ್ತು. ನಾನೂ ಬಾಯ್ತುಂಬ ಹೊಗಳಿದೆ. ಮರದ ವಿಷಯ ನನಗೆ ಗೊತ್ತಿರುವುದು ಕುರ್ಚಿಯ ಮಟ್ಟಿಗೆ.

ಮೊದಲ ಸವಾರಿ ಸಾತನೂರಿಗೆ. ಮಹಡಿ ಹತ್ತಿದರೆ ಏದುಸಿರು ಬಿಡುವ ನಾನು ಸ್ಕೂಟರಿನಲ್ಲಿ ಹಿಂದೆ ಹೊರಟೆ. ಊರು ಬಿಡುವಾಗ ಪೈಪಿನಲ್ಲಿ ಒಂದು ಗುಟುಕು ಬಂತು. ಬಿಸಿಲೇರಿ, ಬಾಯಿ ಒಣಗಿ, ಸಾತನೂರು ಹತ್ತಿರವಾದಾಗ ಕೈ ಹಿಂದೆ ಹಾಕಿ ತಿರುಗಿಸಿದರೆ ನಲ್ಲಿ ಅಲ್ಲಾಡಲಿಲ್ಲ. ಅವನು ಕಡೆದ ಗೊಂಬೆಗಳಲ್ಲಿ ಒಂದೂ ಇದುವರೆಗೆ ನೀರಿಗೆ ಇಳಿದಿರಲಿಲ್ಲ.

ರಸ್ತೆ ಪಕ್ಕದ ಟೀ ಅಂಗಡಿಯಲ್ಲಿ ನಿಲ್ಲಿಸಿದೆವು. ಅಂಗಡಿಯ ರಾಮಲಿಂಗಯ್ಯ ನಲ್ಲಿ ಹಿಡಿದು ತಿರುಚಿದ, ಕ್ಯಾನಿನ ಬಾಯಿಂದಲೇ ಕೀಳಲು ಎಳೆದ, ಕೊನೆಗೆ ಕೈಬಿಟ್ಟ.

"ಒಳಗೆ ಮರ ಊದ್ಕೊಬುಟ್ಟೈತೆ ಕಣಣ್ಣ. ನಿನಗಿಂತ ಮುಂಚೆ ಅದೇ ಕುಡ್ಕೊಂಡೈತೆ."

ಶುಕೂರ್ ಅಂಗಡಿಯ ನೀರನ್ನೇ ಲೋಟದ ಮೇಲೆ ಲೋಟ ಕುಡಿದ. ದಾಹ ತೀರಿತು, ಆದರೆ ತುಂಬಿದ ಕ್ಯಾನು ಹಾಗೇ ನೇತಾಡುತ್ತಿತ್ತು. ನನ್ನ ತಲೆ ಇಂಥದ್ದಕ್ಕೆ ಮಾತ್ರ ಚುರುಕು. ಕ್ಯಾನು ಕುಯ್ದು ನೀರು ಚೆಲ್ಲಿಬಿಡು, ಎಲ್ಲಾ ಕುಡಿದಮೇಲೆ ಕಲ್ಲಿಗೆ ತಾಗಿ ಸೀಳಿತು ಅಂತ ಹೇಳು ಎಂದು ರಾಮಲಿಂಗಯ್ಯನಿಂದ ಚಾಕು ಇಸಿದುಕೊಂಡು ಕೊಟ್ಟೆ. ಶುಕೂರ್ ಚಾಕುವನ್ನು ಕ್ಯಾನಿಗೆ ತಾಗಿಸಿದ, ತೆಗೆದ. ಅಂಗಡಿ ಸುತ್ತಿ ಬಂದ. ಮತ್ತೆ ತಾಗಿಸಿ, ಮತ್ತೆ ಸುತ್ತಿ ಬಂದು, ಚಾಕು ನನ್ನ ಕೈಗೇ ಕೊಟ್ಟ.

"ಬ್ಯಾಡ ಕಣ್ಲಾ. ಆಸ್ಪತ್ರೇಲಿ ನೋವು ನಂದು, ಅತ್ತಿದ್ದು ಅವ್ಳು."

ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆಮೇಲೆ ಬಹಳ ಹೊತ್ತು ಅವನು ಬರೀ ಕೇಳಿಸಿಕೊಂಡ. ಕೊನೆಗೆ ಫೋನು ನನ್ನ ಕಡೆ ಚಾಚಿದ.

"ಅಣ್ಣಾ," ಎಂದಳು ಗುಲ್ಜಾರ್ ಬೀ, "ಗಾಡಿ ಗುಜರಿಗೆ ಹಾಕಲ್ಲ. ಆದ್ರೆ ಇನ್ಮೇಲೆ ನೀರು ನಿಮ್ಮ ಸ್ಕೂಟರ್‌ನಾಗೆ. ಇವ್ರು ಎಲ್ಲಿಗೋದ್ರೂ ಹಿಂದೇನೇ ಹೋಗಿ, ನಿಲ್ಸಿ ಕುಡಿಸ್ಬೇಕು. ಇವ್ರನ್ನ ನಂಬಾಕಾಗಲ್ಲ. ನೀವಾದ್ರೆ ನಂಬ್ತೀನಿ."

ಆಗಲಮ್ಮ ಎಂದೆ. ಎನ್ನುತ್ತಲೇ ಚಾಕುವನ್ನು ಮೆಲ್ಲಗೆ ರಾಮಲಿಂಗಯ್ಯನ ಕಡೆ ಸರಿಸಿದೆ.

ಈಗ ಭಾನುವಾರ ಬಂತೆಂದರೆ ನನಗೆ ನಡುಕ. ಅಕ್ಕೂರು, ಕನಕಪುರ, ಒಮ್ಮೆ ಮಾಗಡಿಯ ತನಕ, ಅವನು ಮುಂದೆ ಮಲಗಿ ತುಳಿಯುತ್ತಾನೆ, ನಾನು ಕಾಲ ನಡುವೆ ಕ್ಯಾನು ಅವುಚಿಕೊಂಡು ಹಿಂದೆ. ಹಾರ್ನ್ ಹೊಡೆದರೆ ಅವನು ನಿಲ್ಲಬೇಕೆಂಬುದು ಒಪ್ಪಂದ. ಹಾರ್ನ್ ಕೇಳಿದರೆ ಅವನು ಇನ್ನೂ ಜೋರಾಗಿ ತುಳಿಯುತ್ತಾನೆ. ಮೊನ್ನೆ ಕನಕಪುರದ ದಾರಿಯ ಏರಿನಲ್ಲಿ ಹೇಗೋ ಅಡ್ಡಹಾಕಿ ಲೋಟ ಕೈಗಿಟ್ಟೆ. ಗಟಗಟ ಕುಡಿದು ಲೋಟ ವಾಪಸು ಕೊಟ್ಟ. ನಾನು ಕ್ಯಾನಿಗೆ ಮುಚ್ಚಳ ತಿರುಗಿಸುವಷ್ಟರಲ್ಲಿ ಅವನ ಕಾಲುಗಳು ತಿರುವಿನಾಚೆ ಮರೆಯಾಗಿದ್ದವು.