ಕಾಕಾನ ಮಜ್ಜಿಗೆ ಪರೀಕ್ಷೆ

ಹಳೆಯ ಕಾರಿನ ಹಿಂದಿನ ಸೀಟನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ. ಎಡಗಡೆಯ ಮೂಲೆಗೆ ಕೈ ಹೋದದ್ದೇ ತಡ, ಹುಳಿ ಮಜ್ಜಿಗೆಯ ವಾಸನೆ ಮೂಗಿಗೆ ಬಡಿಯಿತು. ನಾಳೆ ಬೆಳಿಗ್ಗೆ ಈ ಗಾಡಿಯನ್ನು ಕೊಂಡವರು ಬಂದು ಒಯ್ಯುತ್ತಾರೆ. ಅಷ್ಟರೊಳಗೆ ಹೊಸದರಂತೆ ಮಾಡಿಕೊಡಬೇಕೆಂದು ವಿಜಯಪುರದ ಅಥಣಿ ರಸ್ತೆಯ ನಮ್ಮ ಮನೆಯ ಮುಂದೆ ಬಕೆಟ್ಟು, ಸೋಪಿನ ಪುಡಿ, ನನ್ನದೊಂದು ಹರಿದ ಬನಿಯನ್ನು ಹರವಿಕೊಂಡು ಕೂತಿದ್ದೇನೆ. ಸೀಟು ಬಿಸಿಲಿಗೆ ಕಾದಷ್ಟೂ ವಾಸನೆ ಏಳುತ್ತದೆ.

ನನ್ನ ಹೆಂಡತಿ ಸುಜಾತಾ ಬಾಗಿಲಲ್ಲಿ ನಿಂತು ನಕ್ಕಳು. "ಎಷ್ಟ್ ತಿಕ್ಕಿದ್ರೂ ಹೋಗಂಗಿಲ್ಲ ಬಿಡ್ರಿ ಅದು. ನಾಳೆ ಬರಾವ್ರಿಗೆ ಖರೇ ಹೇಳಿಬಿಡ್ರಿ, ಇದು ನಮ್ಮ ಕಾಕಾ ಪಾಸ್ ಮಾಡಿ ಒತ್ತಿದ ಶಿಕ್ಕಾ ಅಂತ."

ಕಾರಿಗೂ ಮಜ್ಜಿಗೆಗೂ ಏನು ಸಂಬಂಧ ಎಂದು ನೀವು ಕೇಳುತ್ತೀರಿ. ಕೇಳಲೇಬೇಕು. ಬಬಲೇಶ್ವರದಲ್ಲಿರುವ ನಮ್ಮ ಸಂಗಪ್ಪ ಕಾಕಾ, ಅಂದರೆ ನಮ್ಮ ಅಪ್ಪನ ತಮ್ಮ, ಜನ್ಮದಲ್ಲಿ ಸ್ಟೇರಿಂಗು ಮುಟ್ಟಿದವರಲ್ಲ. ಆದರೆ ಅವರ ಪರೀಕ್ಷೆಯಲ್ಲಿ ಪಾಸಾಗದ ಗಾಡಿ ನಮ್ಮ ಮನೆತನದೊಳಗೆ ಬಂದಿಲ್ಲ. ಪರೀಕ್ಷೆ ಬಹಳ ಸರಳ. ಹಿತ್ತಾಳೆಯ ತಂಬಿಗೆಯಲ್ಲಿ ಕಂಠದ ತನಕ ಮಜ್ಜಿಗೆ ತುಂಬಿಸಿಕೊಂಡು, ಅದನ್ನು ತೊಡೆಯ ಮೇಲೆ ಹಿಡಿದು ಹಿಂದಿನ ಸೀಟಿನ ಎಡಗಡೆ ಕೂಡುವುದು. "ಹೂಂ, ನಡಸು" ಎನ್ನುವುದು. ತಿರುಗಿ ಬಂದ ಮೇಲೆ ಇಳಿದು ನಿಂತು ತಮ್ಮ ಬಿಳಿಯ ಧೋತರವನ್ನು ನೋಡಿಕೊಳ್ಳುವುದು. ಧೋತರ ಎಷ್ಟು ತೊಯ್ದಿದೆಯೋ ಗಾಡಿ ಅಷ್ಟು ಫೇಲು.

ನನ್ನ ರೀತಿ ಬೇರೆ. ನಾನು ಮೀಸೆ ಬಂದ ಮೇಲೆ ಹತ್ತನೆಯ ತರಗತಿ ಪಾಸಾದವನು. ತಡವಾಗಿ ಓದು ಕಲಿತವರಿಗೆ ಅಚ್ಚಾದದ್ದೆಲ್ಲ ಖರೆ ಅನಿಸುತ್ತದೆ. ಗಾಡಿಯ ಬಣ್ಣದ ಪುಸ್ತಿಕೆ ಕೈಗೆ ಸಿಕ್ಕರೆ ಪರೀಕ್ಷೆಗೆ ಕೂತವನ ಹಾಗೆ ಬಾಯಿಪಾಠ ಮಾಡುತ್ತೇನೆ. ಇದನ್ನು ಕೂಡ ಒಂದೇ ಬೆರಳಿನಿಂದ ಟೈಪು ಮಾಡುತ್ತಿದ್ದೇನೆ. ಒತ್ತಕ್ಷರ ಹುಡುಕುವುದರೊಳಗೆ ಚಹಾ ಆರಿ ಹೋಗುತ್ತದೆ. ಆದ್ದರಿಂದ ನಾನು ನಿಧಾನಕ್ಕೆ ಹೇಳಿದರೆ ನೀವು ಬೇಜಾರು ಮಾಡಿಕೊಳ್ಳಬಾರದು.

ಮೊದಲನೆಯ ಗಾಡಿ ಕಾಕಾನದೇ. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ನಿಮ್ಮ ಮನೆಯ ಗಾಡಿಯ ಪಕ್ಷ ಹಿಡಿದು ಜಗಳಕ್ಕೆ ನಿಲ್ಲುತ್ತೀರಿ. ಟ್ರಂಕಿನ ಹಾಗೆ ಚೌಕಾಗಿ, ಬೆನ್ನ ಮೇಲೆ ಸ್ಟೆಪ್ನಿ ಹೊತ್ತುಕೊಂಡು ಬಂದ ಗಾಡಿ ಅದು. ಚಾಲೂ ಮಾಡಿದರೆ ಹಿಟ್ಟಿನ ಗಿರಣಿ ಶುರುವಾದಂತಾಗುತ್ತಿತ್ತು. ಅವತ್ತು ವಿಜಯಪುರದಿಂದ ಬಬಲೇಶ್ವರದ ತನಕ ನಾನೇ ನಡೆಸಿದೆ. ಆಗಿನ ರಸ್ತೆ ನಿಮಗೆ ಗೊತ್ತಿದ್ದರೆ ಸರಿ, ಗೊತ್ತಿರದಿದ್ದರೆ ನಿಮ್ಮ ಪುಣ್ಯ. ಇಳಿದಾಗ ಕಾಕಾನ ಧೋತರದಲ್ಲಿ ಒಣಗಿದ ಜಾಗವೇ ಇರಲಿಲ್ಲ. ತಂಬಿಗೆಯ ತಳದಲ್ಲಿ ಒಂದು ಗುಟುಕು ಉಳಿದಿತ್ತು. ಅದನ್ನು ಕುಡಿದು, ಮೀಸೆ ಒರೆಸಿಕೊಂಡು, "ಒಂದ್ ಗುಟುಕರ ಉಳಿಸೇತಿ. ಟ್ರ್ಯಾಕ್ಟರ್ ಅಷ್ಟೂ ಉಳಸಂಗಿಲ್ಲ" ಎಂದು ಪಾಸು ಮಾಡಿದರು.

ಅದೇ ಮಾಡೆಲ್ಲಿನ ಎರಡನೆಯ ಪೀಳಿಗೆ ಬಂದಾಗ ನಾನು ಕೊಂಡೆ. ಮೂಗು ದುಂಡಗಾಗಿತ್ತು, ಸದ್ದು ಇಳಿದಿತ್ತು, ಹಿಂದೆ ಒಣದ್ರಾಕ್ಷಿಯ ಬಾಕ್ಸುಗಳನ್ನು ಒಂದರ ಮೇಲೊಂದು ಇಡುವಷ್ಟು ಜಾಗ ಇತ್ತು. ಈಗ ತೊಳೆಯುತ್ತಿರುವುದು ಇದನ್ನೇ. ಇದರ ಪರೀಕ್ಷೆಯ ದಿನ ರಸ್ತೆ ಅರ್ಧ ಡಾಂಬರಾಗಿತ್ತು, ಅರ್ಧ ಅಗೆದು ಬಿಟ್ಟಿದ್ದರು. ಧೋತರವೂ ಅರ್ಧವೇ ತೊಯ್ದಿತು. "ಸುಧಾರಿಸೇತಿ" ಎಂದರು ಕಾಕಾ, ಸಾಲಿ ಮಾಸ್ತರರು ದಡ್ಡ ಹುಡುಗನ ಬಗ್ಗೆ ಹೇಳುವಂತೆ.

ಇಷ್ಟು ವರ್ಷ ನಮಗೆಲ್ಲ ಇದೊಂದು ನಗೆಚಾಟಿಕೆಯ ವಿಷಯವಾಗಿತ್ತು. ಈ ಸಲ ಮಾತ್ರ ಹಾಗಾಗಲಿಲ್ಲ.

ಕಾಕಾನ ಹೆಂಡತಿ, ನಮ್ಮ ನೀಲವ್ವ ಕಾಕಿಗೆ, ಬೆನ್ನಿನ ಆಪರೇಷನ್ ಆಗಿ ಆಗಲೇ ಬಹಳ ದಿನವಾಗಿತ್ತು. ಆವತ್ತು ದವಾಖಾನೆಯಿಂದ ಬರುವಾಗ ದಾರಿಯ ಒಂದೊಂದು ತಗ್ಗೂ ಅವರ ಜೀವ ತೆಗೆದಿತ್ತು. ಅಂದಿನಿಂದ ಬಬಲೇಶ್ವರ ಬಿಟ್ಟು ಹೊರಗೆ ಕಾಲಿಟ್ಟಿರಲಿಲ್ಲ. ಕುಲುಕಾಡದಂತೆ ಹೋಗಿಬರಬಹುದು ಎಂದು ಡಾಕ್ಟರರು ಹೇಳಿದರೂ ಕಾಕಿಗೆ ಅಂಜಿಕೆ. ಅಷ್ಟರಲ್ಲಿ ತಿಕೋಟಾದಿಂದ ಸುದ್ದಿ ಬಂತು, ಮೊಮ್ಮಗಳು ಭಾಗ್ಯಾಳ ಕುಬಸ, ಅಂದರೆ ಸೀಮಂತ. ಕಾಕಾ-ಕಾಕಿಯ ಒಬ್ಬಳೇ ಮಗಳನ್ನು ಕೊಟ್ಟದ್ದು ಅಲ್ಲಿಯೇ; ಭಾಗ್ಯಾ ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಅವಳು ಫೋನು ಮಾಡಿ, "ಆಯಿ, ನನ್ನ ಉಡಿ ನೀನ ತುಂಬಬೇಕು. ಇಲ್ಲಂದ್ರ ನಾ ಹಸರ ಸೀರಿ ಉಡಂಗಿಲ್ಲ ನೋಡು" ಎಂದು ಹಟ ಹಿಡಿದಳು. ಕಾಕಿ ಫೋನಿಟ್ಟು ಕೋಲನ್ನು ಗೋಡೆಗೆ ಒರಗಿಸಿದರು. ಆಮೇಲೆ, "ಫೋಟೋದಾಗ ನೋಡ್ತೀನಿ ಬಿಡ್ರಿ" ಎಂದರು. ಆ ಮಾತಿಗೆ ಕಾಕಾ ಊಟ ಬಿಟ್ಟು ಎದ್ದರಂತೆ.

ಮರುದಿನವೇ ನನಗೆ ಫೋನು ಬಂತು. "ಲೇ ತಮ್ಮಾ, ಅದ ಗಾಡಿದು ಮೂರನೇದು ಬಂದೈತಂತಲ್ಲ? ತಗೊಂಡ್ ಬಾ. ನೋಡೂಣು."

ನಾನು ಪುಸ್ತಿಕೆ ಬಾಯಿಪಾಠ ಮಾಡಿಕೊಂಡು, ಕಾಕಾನನ್ನು ಬಸ್ಸಿಗೆ ಕರೆಸಿಕೊಂಡು ಶೋರೂಮಿಗೆ ಕರೆದೊಯ್ದೆ. ಗಾಡಿ ತೋರಿಸಿದವನ ಹೆಸರು ರಮೇಶ. ಟೈ ಕಟ್ಟಿದ್ದ, ಬಹಳ ಸಭ್ಯ. ತಂಬಿಗೆ ನೋಡಿ ಅವನು ಮೊದಲು ಕುಡಿಯಲಿಕ್ಕೆ ತಂದಿದ್ದಾರೆಂದು ತಿಳಿದ. ಗಾಡಿಯ ಛಾವಣಿಗೆ ಗಾಜಿನ ಕಿಟಕಿ ಇದೆ ಎಂದು ಗುಂಡಿ ಒತ್ತಿ ತೆರೆದು ತೋರಿಸಿದ.

ಕಾಕಾ ಮೇಲೆ ನೋಡಿದರು. "ನಮ್ಮ ಹಳೇ ಮಾಳಿಗಿ ಮನ್ಯಾಗೂ ಇಂಥಾ ಬೆಳಕಿಂಡಿ ಇತ್ತಪಾ. ಒಲಿ ಹೊಗಿ ಹೋಗಾಕ. ಇದರಾಗ ಒಲಿ ಎಲ್ಲಿ ಇಟ್ಟೀರಿ?"

ರಮೇಶ ಗಾಡಿಯನ್ನು ಹೊಸ ಡಾಂಬರಿನ ಮೇಲೆ ಬೆಣ್ಣೆಯಲ್ಲಿ ಕೂದಲೆಳೆದಂತೆ ನಡೆಸಿಕೊಂಡು ಹೋಗಿ ತಂದ. ಒಂದು ಹನಿ ಚೆಲ್ಲಲಿಲ್ಲ. ಕಾಕಾ ಇಳಿದು ಧೋತರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. ಅವರ ಕಣ್ಣು ತುಂಬಿದ್ದನ್ನು ನಾನು ಅವತ್ತೇ ನೋಡಿದ್ದು.

ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ನನ್ನ ತಲೆಯಲ್ಲಿ ಏನೋ ಕೊರೆಯುತ್ತಿತ್ತು. "ಕಾಕಾ," ಎಂದೆ, "ಮೊದಲನೇದು ಹಳೇ ರಸ್ತೆದಾಗ ನೋಡಿದ್ವಿ. ಎರಡನೇದು ಅರ್ಧ ರಸ್ತೆದಾಗ. ಇದು ಪೂರಾ ಡಾಂಬರದಾಗ. ಹಿಂಗ ನೋಡಿದ್ರ ಗಾಡಿ ಗೊತ್ತಾಗೂದ ಹ್ಯಾಂಗ?"

ಕಾಕಾ ನನ್ನನ್ನೇ ನೋಡಿದರು. "ಅಂದ್ರ ನಾ ಇಷ್ಟ್ ವರ್ಸ ಗಾಡಿ ಬಿಟ್ಟು ರಸ್ತೆ ಪರೀಕ್ಷಾ ಮಾಡೀನೇನಲೇ?" ಎಂದವರೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟು ಹೊತ್ತು ಚೆಲ್ಲದ ಮಜ್ಜಿಗೆ ಆಗ ಶೋರೂಮಿನ ಹೊಳೆಯುವ ಫರಸಿಯ ಮೇಲೆ ಚೆಲ್ಲಿತು.

ಹೀಗಾಗಿ ಭಾನುವಾರ ಮೂರೂ ಗಾಡಿಗಳು ಬಬಲೇಶ್ವರದ ಕಾಕಾನ ತೋಟದ ಮನೆಯ ಮುಂದೆ ಸಾಲಾಗಿ ನಿಂತವು. ಚೌಕ ಗಾಡಿ ಅಲ್ಲಿಯೇ ಇತ್ತು, ಕೋಳಿಗಳು ಅದರ ಕೆಳಗೆ ಸಂಸಾರ ಮಾಡಿದ್ದವು. ನನ್ನದು ಇತ್ತು. ಮೂರನೆಯದನ್ನು ರಮೇಶ ತಂದಿದ್ದ, ಟೈ ಮನೆಯಲ್ಲಿ ಬಿಟ್ಟು. ಸುಜಾತಾ ಒಳಗೆ ಮಜ್ಜಿಗೆ ಕಡೆದು ಕಡೆದು ಕೊಡುತ್ತಿದ್ದಳು. ಮನೆಯಿಂದ ಬಾವಿಯ ತನಕ ಎರಿಮಣ್ಣಿನ ಬಂಡಿದಾರಿ. ಮಳೆಗಾಲದಲ್ಲಿ ಬಿದ್ದ ಗಾಲಿಯ ಗುರುತು ಒಣಗಿ ಕಲ್ಲಾಗಿತ್ತು. ಒಂದೇ ದಾರಿ, ಒಂದೇ ತಂಬಿಗೆ, ಅದೇ ಮೂಲೆ.

"ಮಾವಾರ, ಯಾವಾಗಲೂ ಅದ ಮೂಲ್ಯಾಗ ಯಾಕ ಕುಂದರತೀರಿ? ಮುಂದ ಕುಂತ್ರ ಆರಾಮಲ್ಲ?" ಎಂದು ಸುಜಾತಾ ಕೇಳಿದಳು.

ಕಾಕಾ ಅದೆಂಥ ಪ್ರಶ್ನೆ ಎಂಬಂತೆ ನೋಡಿದರು. "ಅಲ್ಲೆ ಕುಂದ್ರಾಕಿ ನಿಮ್ಮತ್ತಿ. ನಾ ಮುಂದ ಕುಂತು ನೋಡಿದ್ರ ಅಕಿಗೇನ್ ಉಪಯೋಗ?"

ಇಷ್ಟು ವರ್ಷ ನಕ್ಕಿದ್ದ ನಾನು ತಂಬಿಗೆಯನ್ನು ಎರಡೂ ಕೈಯಿಂದ ಎತ್ತಿ ಕಾಕಾನಿಗೆ ಕೊಟ್ಟೆ. ಮನೆಯ ಕಟ್ಟೆಯ ಮೇಲೆ ಕೋಲು ಹಿಡಿದು ಕೂತಿದ್ದ ಕಾಕಿ ಮಾತ್ರ, "ಹೂಂ, ನನ್ನ ಹೆಸರ್ಲೆ ಮಜ್ಜಿಗಿ ಹಾಳ ಮಾಡ್ರಿ" ಎಂದು ಸೆರಗು ಬಾಯಿಗೆ ಹಿಡಿದರು.

ಚೌಕ ಗಾಡಿಯಲ್ಲಿ ಕಾಕಾ ಹೋಗಿ ಬಂದಾಗ ಮಜ್ಜಿಗೆ ತಲೆಯ ಮೇಲೂ ಇತ್ತು. ನನ್ನ ಗಾಡಿಯಲ್ಲಿ ಧೋತರ ಮಂಡಿಯ ತನಕ ತೊಯ್ದಿತು. ಈಗ ನಾನು ತಿಕ್ಕುತ್ತಿರುವ ಕಲೆಯಲ್ಲಿ ಅವತ್ತಿನ ಪಾಲೇ ದೊಡ್ಡದು. ಮೂರನೆಯದರಲ್ಲಿ ಅಂಥ ದಾರಿಯಲ್ಲೂ ನಾಲ್ಕೈದು ಹನಿ ಬಿದ್ದವು, ಅಷ್ಟೇ. ಕಾಕಾ ತಂಬಿಗೆ ಎತ್ತಿ ಎಲ್ಲರಿಗೂ ತೋರಿಸಿದರು. "ಬಾ, ಏಳು! ಹತ್ತು!" ಎಂದು ಕಾಕಿಯನ್ನು ಕರೆದರು.

ಕಾಕಿ ನಿಧಾನಕ್ಕೆ ಗಾಡಿಯ ತನಕ ನಡೆದು ಬಂದರು. ಬಾಗಿಲು ಹಿಡಿದರು. ಕಾಲು ಎತ್ತಿದರು. ಏರಲಿಲ್ಲ. ಇನ್ನೊಂದು ಸಲ ಎತ್ತಿದರು, ಮುಖ ಹಿಂಡಿಕೊಂಡು ಕೆಳಗಿಟ್ಟರು. ಮೂರನೆಯ ಪೀಳಿಗೆ ನೆಲದಿಂದ ಎಷ್ಟು ಎತ್ತರ ಎಂದು ನಾನು ಪುಸ್ತಿಕೆಯಿಂದ ಎಲ್ಲರಿಗೂ ಹೆಮ್ಮೆಯಿಂದ ಓದಿ ಹೇಳಿದ್ದೆ. ಆ ಎತ್ತರವೇ ಈಗ ಅಡ್ಡ ನಿಂತಿತ್ತು. ನಾನು ಎತ್ತಿ ಕೂಡಿಸಲು ಕೈ ಚಾಚಿದೆ.

"ಏ, ಮುಟ್ಟಬ್ಯಾಡ! ನಾ ಏನ್ ಜ್ವಾಳದ ಚೀಲೇನು?" ಎಂದರು ಕಾಕಿ. ಆಮೇಲೆ ಗಂಡನ ಕಡೆ ತಿರುಗಿ, "ನಿಮ್ಮ ಮಜ್ಜಿಗಿಗೆ ಸೊಂಟ ಇಲ್ರಿ. ನನಗೈತಿ" ಎಂದರು.

ಕಾಕಿ ಮನೆಯ ಪಕ್ಕದ ಇಳಿಜಾರಿನಿಂದ ಸುತ್ತು ಹಾಕಿ ಒಳಗೆ ಹೋಗಿ, ಮತ್ತೆ ಕಟ್ಟೆಯ ಮೇಲೆ ಬಂದು ಕೂತರು. ಕಾಕಾ ಒದ್ದೆ ಧೋತರದಲ್ಲೇ ಒಂದು ಕಲ್ಲಿನ ಮೇಲೆ ಕುಸಿದರು. ಸುಜಾತಾ ಎಲ್ಲರಿಗೂ ಉಳಿದ ಮಜ್ಜಿಗೆ ಕೊಟ್ಟಳು. ಬೇರೆ ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಪಾಪ, ರಮೇಶನಿಗೂ ಸಂಕಟ. ಅವನು ಹೊರಡಲೆಂದು ಗಾಡಿ ತಿರುಗಿಸಿದ. ಚೌಕ ಗಾಡಿ ಅಡ್ಡ ಇದ್ದುದರಿಂದ ಹಿಂದೆ ಮುಂದೆ ಮಾಡುತ್ತಾ ಕಟ್ಟೆಗೆ ತಗಲುವಷ್ಟು ಹತ್ತಿರ ಬಂದ.

ಕಾಕಿ ಕೋಲಿನಿಂದ ಗಾಡಿಯನ್ನು ಟಕ್ಕೆಂದು ಬಡಿದರು. "ತಮ್ಮಾ, ನಿಂದ್ರಸು. ಅದರ ಬಾಗಲಾ ತಗಿ."

ಬಾಗಿಲು ತೆರೆದರೆ, ಗಾಡಿಯ ನೆಲವೂ ಕಟ್ಟೆಯೂ ಅಕ್ಕತಂಗಿಯರ ಹಾಗೆ ಒಂದೇ ಸಮ ನಿಂತಿದ್ದವು. ಕಾಕಿ ಎದ್ದರು, ಸೀಟಿಗೆ ಬೆನ್ನು ಮಾಡಿದರು, ಕೂತರು. ಕಾಲು ಒಂದಾದ ಮೇಲೊಂದು ಒಳಗೆಳೆದುಕೊಂಡರು. ಅಷ್ಟೇ. ಕೂತು ಸೆರಗು ಸರಿಮಾಡಿಕೊಂಡು, "ಮನೀನ ಮುಂದ ಬಂದಂಗಾತು ನೋಡ್ರಿ" ಎಂದರು.

ಕಾಕಾ ಕಲ್ಲಿನಿಂದ ಜಿಗಿದು ಎದ್ದು ತಿಕೋಟಾಕ್ಕೆ ಫೋನು ಹಚ್ಚಿದರು. "ಯವ್ವಾ, ನಿಮ್ಮ ಮನಿಗಿ ಕಟ್ಟಿ ಐತೇನ?" ಮಗಳು ಆ ಕಡೆಯಿಂದ ಏನೆಂದಳೋ, "ಅಯ್ಯ, ಟೈಲ್ಸ ಅಲ್ಲ ನಾ ಕೇಳಿದ್ದು, ಕಟ್ಟಿ! ಕಟ್ಟಿ!" ಎಂದು ತೋಟವೆಲ್ಲ ಕೇಳುವಂತೆ ಒದರಿದರು. ಮುಂದಿನ ಕಟ್ಟೆಯನ್ನು ಒಡೆದು ಟೈಲ್ಸ್ ಹಾಕಿಸಿದ್ದರು. ಹಿತ್ತಲಿನ ಕಟ್ಟೆ ಉಳಿದಿತ್ತು.

ಸುಜಾತಾ ಅವತ್ತು ಸಂಜೆಯೇ ಮೂರನೆಯದನ್ನು ಬುಕ್ ಮಾಡಿಸಿದಳು. ಕುಬಸದ ದಿನ ಕಾಕಿ ಹಿಂದೆ ಎಡಗಡೆ, ಕಾಕಾ ಮುಂದೆ ನನ್ನ ಪಕ್ಕ. ಕಾಕಾ ತಂಬಿಗೆ ತುಂಬಿಸಿ ಕಾಕಿಯ ಕೈಗೇ ಕೊಟ್ಟಿದ್ದರು. ದಾರಿಯುದ್ದಕ್ಕೂ ಹಿಂದೆ ತಿರುಗಿ ತಿರುಗಿ, "ಹ್ಯಾಂಗೈತಿ? ತಂಬಗಿ ಮ್ಯಾಲಿಂದ ಕಣ್ಣ ತಗೀಬ್ಯಾಡ, ಅದನ್ನ ನೋಡು" ಎನ್ನುತ್ತಿದ್ದರು. ತಿಕೋಟಾದಲ್ಲಿ ಆರತಿ ತಟ್ಟೆ ಹಿಡಿದು ಮುಂದಿನ ಬಾಗಿಲಲ್ಲಿ ನಿಂತಿದ್ದ ಹೆಂಗಸರು ಗಾಡಿ ಸಂದಿಯಲ್ಲಿ ತಿರುಗಿದ್ದನ್ನು ನೋಡಿ, ದೀಪ ಆರದಂತೆ ಸೆರಗು ಮರೆಮಾಡಿಕೊಂಡು ಮನೆಯೊಳಗಿಂದಲೇ ಹಿತ್ತಲಿಗೆ ಓಡಿ ಬಂದರು. ಎಮ್ಮೆ ಗಾಬರಿಯಾಗಿ ಎದ್ದು ನಿಂತಿತು. ಕಾಕಿ ಯಾರ ಕೈಯನ್ನೂ ಹಿಡಿಯದೆ ಕಟ್ಟೆಗೆ ಕಾಲಿಟ್ಟರು. ಹಸಿರು ಸೀರೆಯ ಭಾಗ್ಯಾಳ ಉಡಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ, ಕೊನೆಗೆ ಬೊಗಸೆ ತುಂಬ ಒಣದ್ರಾಕ್ಷಿ ಸುರಿದರು. ಭಾಗ್ಯಾ ಅಳುತ್ತಲೇ ಅದರಲ್ಲಿ ಎರಡು ತೆಗೆದು ಬಾಯಿಗೆ ಹಾಕಿಕೊಂಡಳು.

ಊಟಕ್ಕೆ ಕೂತಾಗ ಕಾಕಿಯ ಮಗಳು ಕೇಳಿದಳು, "ಅವ್ವಾ, ಬರೂ ಮುಂದ ನಮ್ಮ ತ್ವಾಟದಾಗಿನ ಹೊಸಾ ದ್ರಾಕ್ಷಿ ಪಡಾ ನೋಡಿದೇನ? ರಸ್ತೆ ಬಾಜೂಕ ಐತಿ."

"ನಾ ಎಲ್ಲಿ ನೋಡ್ಲಿ," ಎಂದರು ಕಾಕಿ, "ತಂಬಗಿ ನೋಡ್ಕೋತ ಬಂದ್ನಿ."

ಇದಿಷ್ಟು ಕಥೆ. ಸೋಪಿನ ನೀರು ಆರಿಹೋಗಿದೆ, ಕಲೆ ಹೋಗಿಲ್ಲ. ಬನಿಯನ್ನು ಹಿಂಡಿ ಒಣಗಲು ಹಾಕಿದ್ದೇನೆ. ನಾಳೆ ಬರುವವರಿಗೆ ಸುಜಾತಾ ಹೇಳಿದಂತೆ ಖರೆ ಹೇಳುತ್ತೇನೆ. ಅವರ ಮನೆಯಲ್ಲೂ ಆ ಮೂಲೆಯಲ್ಲಿ ಕೂಡುವವರು ಯಾರಾದರೂ ಇರುತ್ತಾರೆ.

ನಮ್ಮ ಮನೆಗೆ ಕಟ್ಟೆ ಇರಲಿಲ್ಲ. ಈ ಬಡಾವಣೆಯಲ್ಲಿ ಯಾರ ಮನೆಗೂ ಇಲ್ಲ, ಎಲ್ಲ ಗೇಟು ಮತ್ತು ಇಳಿಜಾರು. ಹೊಸ ಗಾಡಿಯನ್ನು ಗೋಡೆಯಿಂದ ಬಾಗಿಲು ತೆರೆಯುವಷ್ಟು ದೂರ ನಿಲ್ಲಿಸಿ, ಬಾಗಿಲು ತೆರೆದು, ಅದರ ನೆಲದ ಮಟ್ಟಕ್ಕೆ ಗೋಡೆಯ ಮೇಲೆ ಸುಣ್ಣದ ಗೆರೆ ಎಳೆದುಕೊಟ್ಟೆ. ಗೌಂಡಿ ಆ ಗೆರೆಯ ತನಕ ಕಟ್ಟಿ, ಮನೆಯ ಬಾಗಿಲಿನ ತನಕ ಕೂಡಿಸಿ ನಿನ್ನೆ ಹೋದ. ಎದುರಿನ ಮನೆಯವರು ಬಂದು, ತುಳಸಿ ಇಡಲಿಕ್ಕೇನ್ರಿ ಎಂದು ಕೇಳಿ ಹೋದರು.

ಬಟ್ಟೆ ಹಿಂಡುವಾಗಲೇ ಕಾಕಾನ ಫೋನು. "ಲೇ, ಕಟ್ಟಿ ಆತೇನ?"

"ಆಗೇತಿ ಕಾಕಾ. ಇನ್ನಾ ಹಸಿ ಐತಿ. ಮುಂದಿನ ಐತವಾರ ಕರಕೊಂಡ್ ಬರತೀನಿ ಇಬ್ಬರ್ನೂ."

"ಸುಜಾತಾಗ ಹೇಳು, ತಿರುಗಿ ಬರೂ ಮುಂದ ಮಜ್ಜಿಗಿ ಅಲ್ಲೇ ತುಂಬಿಸಿಕೊಳ್ತೀನಿ…"

ಹಿಂದಿನಿಂದ ಕಾಕಿಯ ದನಿ ಅಡ್ಡ ಬಂತು. ಫೋನು ಕಸಿದುಕೊಂಡಿರಬೇಕು, ಬಳೆಗಳ ಸದ್ದು ಕೇಳಿತು.

"ತಮ್ಮಾ, ಈ ಸಲ ತಂಬಗಿ ಮನ್ಯಾಗ ಇಟ್ಟು ಬಾ ಅಂತ ಹೇಳು ನಿಮ್ಮ ಕಾಕಾಗ. ನಾ ಕಿಡಕಿ ಹೊರಗ ನೋಡಬೇಕು."