‘ನಡೀವಾಗ ಎಲ್ಲಿ ನಿಲ್ತೀರಿ?’ ಎಂದು ಕೇಳುವ ಹುಲಿಗೆಮ್ಮ

ಆರು ಗಂಟೆಗೆ ಇನ್ನೂ ಹತ್ತು ನಿಮಿಷ ಇದೆ. ಭದ್ರಾವತಿಯ ಸೇತುವೆ ಮಂಜಿನೊಳಗೆ ಅರ್ಧ ಕರಗಿದೆ. ಕೆಳಗೆ ಹೊಳೆ ಇದೆ ಎಂಬುದು ಸದ್ದಿನಿಂದಷ್ಟೇ ಗೊತ್ತಾಗಬೇಕು. ಶಿವಮೊಗ್ಗದ ಬಸ್ಸಿನ ಎಡಗಡೆ ಮೂರನೆಯ ಸೀಟಿನಲ್ಲಿ ಹುಲಿಗೆಮ್ಮ ಕಣ್ಣು ಮುಚ್ಚಿ ಕೂತಿದ್ದಾರೆ. ಬದನೆ ಹೂವಿನ ಬಣ್ಣದ ಸೀರೆ, ಪೆಟ್ಟಿಗೆಯಲ್ಲಿದ್ದ ಮಡಿಕೆಯ ಗೆರೆ ಇನ್ನೂ ಹೋಗಿಲ್ಲ. ಅದರ ಮೇಲೆ ಆಸ್ಪತ್ರೆಯ ನೀಲಿ ಕೋಟು. ಪಾಪ, ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡಿರೋ, ಮೋಸ ಹೋದಿರಿ. ಅವರು ಬಸ್ಸಿನವರ ಕೆಮ್ಮು ಕೇಳಿಸಿಕೊಳ್ಳುತ್ತಿದ್ದಾರೆ.

“ಹಿಂದಿನ ಸೀಟಿನೋರದ್ದು ಬೀಡಿ ಕೆಮ್ಮು. ಬಾಗಿಲ ಹತ್ರದ ಹುಡುಗೀದು ಬರೀ ಶೀತ, ಎರಡು ದಿನ ಬಿಸಿನೀರು ಕುಡಿದ್ರೆ ಹೋಗುತ್ತೆ. ಮಧ್ಯದಲ್ಲಿ ಒಬ್ರು ಕೆಮ್ಮಿದ ಮೇಲೆ ಉಸಿರು ಎಳ್ಕೊಳ್ಳೋಕೆ ಒದ್ದಾಡ್ತಿದಾರಲ್ಲ, ಅವ್ರು ಡಾಕ್ಟ್ರನ್ನ ನೋಡ್ಬೇಕು,” ಎನ್ನುತ್ತಾರೆ, ಕಣ್ಣು ಬಿಡದೆ. ಸೋಗಾನೆ ಕ್ರಾಸ್ ದಾಟುವಾಗ ಎದ್ದು ಹೋಗಿ ಆ ಮಧ್ಯದ ಸೀಟಿನವರ ಕಿವಿಯಲ್ಲಿ ಏನೋ ಹೇಳಿ ಬರುತ್ತಾರೆ. ಅವರು ತಲೆಯಾಡಿಸುತ್ತಾರೆ. ಹೋಗುತ್ತಾರೋ ಬಿಡುತ್ತಾರೋ, ದೇವರಿಗೇ ಗೊತ್ತು.

ಹುಲಿಗೆಮ್ಮ ಡಾಕ್ಟರಲ್ಲ, ನರ್ಸೂ ಅಲ್ಲ. ಶಿವಮೊಗ್ಗದ ಒಂದು ಸಣ್ಣ ಧರ್ಮಾಸ್ಪತ್ರೆಯಲ್ಲಿ ಇಪ್ಪತ್ತೇಳು ವರ್ಷಗಳಿಂದ ಆಯಾ. ವಯಸ್ಸು ಐವತ್ತಾರು, ಓದಿದ್ದು ಏಳನೇ ತರಗತಿ. ಏಳು ಗಂಟೆಗೆ ಬಾಗಿಲು ತೆಗೆದು, ಕಸ ಗುಡಿಸಿ, ನೆಲ ಒರೆಸಿ, ಕುಡಿಯುವ ನೀರು ತುಂಬಿಡುತ್ತಾರೆ. ಎಂಟಕ್ಕೆ ಚೀಟಿ ಕೊಡುವ ಕೆಲಸ ಶುರು. ದಿನಕ್ಕೆ ನೂರಾ ಅರವತ್ತು ಚೀಟಿ, ಸೋಮವಾರವಾದರೆ ಇನ್ನೂರು ದಾಟುತ್ತದೆ. ಒಂಬತ್ತಕ್ಕೆ ಡಾಕ್ಟರು ಬರುವವರೆಗೆ ಉದ್ದ ಬೆಂಚಿನ ಮೇಲೆ ಕೂತವರ ಪಕ್ಕ ಒಬ್ಬೊಬ್ಬರಾಗಿ ಕೂತು ಅವರು ಮಾತಾಡಿಸುತ್ತಾರೆ. ಇದನ್ನು ಮಾಡು ಎಂದು ಯಾರೂ ಅವರಿಗೆ ಹೇಳಿಲ್ಲ.

“ಏನಾಗ್ತಿದೆ ಅಂತ ಕೇಳ್ಬಾರ್ದು ಕಣ್ರಿ. ಕೇಳಿದ್ರೆ ಸುಸ್ತು ಅಂತಾರೆ, ಇಲ್ಲಾ ಗ್ಯಾಸು ಅಂತಾರೆ. ನಮ್ಮ ಕಡೆ ಗ್ಯಾಸಿಲ್ಲದ ಮನುಷ್ಯ ಹುಟ್ಟೇ ಇಲ್ಲ ಬಿಡಿ. ಏನು ಬಿಟ್ಟಿದೀರಿ ಅಂತ ಕೇಳ್ಬೇಕು.”

ಏನು ಬಿಟ್ಟಿದ್ದೀರಿ? ಮಹಡಿಗೆ ಬಟ್ಟೆ ಒಣಹಾಕಲು ಹೋಗುವುದನ್ನು ಯಾವಾಗಿನಿಂದ ಬಿಟ್ಟಿರಿ? ಅಜ್ಜ ಒಂದು ದಿಂಬು ಬಿಟ್ಟು ಮೂರು ದಿಂಬಿಗೆ ಒರಗಿ ಮಲಗಲು ಶುರುಮಾಡಿದ್ದು ಯಾವ ತಿಂಗಳಲ್ಲಿ? ಬಳೆ ಮೊಣಕೈವರೆಗೆ ಜಾರುವುದು ಯಾವ ಹಬ್ಬದಿಂದ? ಕಾಲಿನಿಂದ ಚಪ್ಪಲಿ ಕಳಚಿದ್ದೂ ಗೊತ್ತಾಗದೆ ಎಷ್ಟು ದೂರ ನಡೆದಿರಿ? ಕೇಳಿದ ಮೇಲೆ ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಒಂದೇ ಸಾಲು ಬರೆಯುತ್ತಾರೆ: ‘ಮೂರು ದಿಂಬು.’ ‘ಬಳೆ ಸಡಿಲ, ಗೌರಿ ಹಬ್ಬದಿಂದ.’ ಭದ್ರಾವತಿಯ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಹಲವು ಭಾಷೆಯವರ ನಡುವೆ ಸಂಸಾರ ಮಾಡಿದವರಾದ್ದರಿಂದ ತಮಿಳಿನ ಅಜ್ಜಿ ‘ಮಯಕ್ಕಂ’ ಎಂದರೆ ತಲೆಸುತ್ತು ಎಂದೂ, ತೆಲುಗಿನ ಅಜ್ಜ ‘ಆಯಾಸಂ’ ಎಂದರೆ ಉಸಿರು ಕಟ್ಟುವುದು ಎಂದೂ ಅವರಿಗೆ ಗೊತ್ತು.

ಆಸ್ಪತ್ರೆಯ ಡಾಕ್ಟರ್ ಕವನಾ ಫೈಲು ತೆರೆಯುವ ಮೊದಲು ಚೀಟಿ ಮಗುಚಿ ನೋಡುತ್ತಾರೆ. “ನಾವು ಓದೋವಾಗ ಎರಡು ಥರ ಅಂತ ಹೇಳ್ಕೊಡ್ತಾರೆ. ನೋವು, ಸಂಕಟ, ತಲೆಸುತ್ತು, ಇವು ರೋಗಿಗೆ ಮಾತ್ರ ಗೊತ್ತಾಗೋವು. ಊತ, ಬಿಳಿಚಿಕೊಂಡ ಕಣ್ಣು, ಇವು ನಮಗೂ ಕಾಣೋವು. ಆದ್ರೆ ರೋಗಿನೂ ಲೆಕ್ಕಕ್ಕಿಡದ, ನಮಗೂ ಕಾಣದ ಮೂರನೇದೊಂದಿದೆ. ಅದು ಹುಲಿಗೆಮ್ಮನ ಪೆನ್ಸಿಲಿಗೆ ಸಿಗುತ್ತೆ,” ಎನ್ನುತ್ತಾರೆ ಅವರು.

ರೋಗಲಕ್ಷಣ ಎಂದರೇನು ಎಂದು ಹುಲಿಗೆಮ್ಮನನ್ನೇ ಕೇಳಿದರೆ ನಗುತ್ತಾರೆ. “ಜ್ವರ ಕಾಯಿಲೆ ಅಲ್ಲ ಕಣ್ರಿ. ಅಂಗಳಕ್ಕೆ ಯಾರೋ ಬಂದ್ರು ಅಂತ ನಾಯಿ ಬೊಗಳಿದ ಹಾಗೆ. ನಾಯಿ ಬಾಯಿ ಕಟ್ಟಿದ್ರೆ ಕಳ್ಳ ವಾಪಸ್ ಹೋಗ್ತಾನಾ?” ಎನ್ನುತ್ತಾರೆ. ಆಮೇಲೆ, “ಬೊಗಳದೆ ಬಾಲ ಅಲ್ಲಾಡ್ಸೋ ನಾಯಿನೂ ಇರುತ್ತೆ. ನಮ್ಮನೇಲಿದ್ದಿದ್ದು ಅಂಥದ್ದೇ,” ಎಂದು ಸೇರಿಸುತ್ತಾರೆ.

ಅವರ ಮನೆಯವರು ಸಿದ್ದಯ್ಯ. ಭದ್ರಾವತಿಯ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದರು. ದಾಪುಗಾಲಿನ ಮನುಷ್ಯ. ಮದುವೆಯಾದ ಲಾಗಾಯ್ತಿನಿಂದ ಪೇಟೆಗೆ ಹೋದರೆ ಅವರು ಹತ್ತು ಮಾರು ಮುಂದೆ, ಹೆಂಡತಿ ಹಿಂದೆ. ಕೆಲಸ ಬಿಟ್ಟ ಮೇಲೆ ಒಂದು ಸಂಜೆ ಇದ್ದಕ್ಕಿದ್ದಂತೆ ಆ ಹೆಜ್ಜೆ ನಿಧಾನವಾಯಿತು. ಪಾತ್ರೆ ಅಂಗಡಿ ಮುಂದೆ ನಿಂತರು. ಆಮೇಲೆ ಬಳೆ ಅಂಗಡಿ ಮುಂದೆ ನಿಂತರು. ಒಂದು ಸಂಜೆ ಸೀರೆ ಅಂಗಡಿಯ ಗಾಜಿನ ಮುಂದೆ ನಿಂತು, “ಆ ಬದನೆ ಹೂವಿನ ಬಣ್ಣದ್ದು ನೋಡು, ನಿಂಗೆ ಒಪ್ಪುತ್ತೆ,” ಎಂದು ಒಳಗೆ ಕರೆದುಕೊಂಡು ಹೋಗಿ ಕೊಡಿಸಿಯೇಬಿಟ್ಟರು. ಅಕ್ಕಪಕ್ಕದವರು ಬಿಟ್ಟಾರೆಯೇ? ಏನು ಹುಲಿಗೆಮ್ಮ, ಮುದುಕನಿಗೆ ಈಗ ಹರೆಯ ಬಂತಾ ಎಂದು ಕಾಡಿದರು. ಹುಲಿಗೆಮ್ಮ ನಾಚಿಕೊಂಡು ಓಡಾಡಿದರು. ಹೀಗೆ ಆರು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಹುಲಿಗೆಮ್ಮ ಶಿವಮೊಗ್ಗದಲ್ಲಿ ಚೀಟಿ ಕೊಡುತ್ತಿದ್ದಾಗ ಮನೆಯಿಂದ ಫೋನು ಬಂತು. ಬಸ್ಸು ಹಿಡಿದು ಭದ್ರಾವತಿಯ ಜನ್ನಾಪುರದ ಮನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೃದಯ ನಿಂತುಹೋಗಿತ್ತು. ಅದಾಗಿ ಒಂಬತ್ತು ವರ್ಷ.

ಅವರಿಗೆ ಸಂಗತಿ ಗೊತ್ತಾಗಿದ್ದು ಎರಡು ವರ್ಷದ ಮೇಲೆ. ಆಗಷ್ಟೇ ಕೆಲಸಕ್ಕೆ ಸೇರಿದ್ದ ಕವನಾ ರೋಗಿಯೊಬ್ಬರನ್ನು ಕೇಳುತ್ತಿದ್ದರು: ನಡೆಯುವಾಗ ಎದೆ ಹಿಡಿದಂತಾಗಿ ನಿಲ್ಲುತ್ತೀರಾ, ಯಾರಿಗೂ ಗೊತ್ತಾಗಬಾರದೆಂದು ಅಂಗಡಿ ನೋಡುವ ನೆಪ ಮಾಡುತ್ತೀರಾ? ಆ ರೋಗಿ ಹೂಂ ಎಂದರು. ಬಾಗಿಲಲ್ಲಿ ನಿಂತಿದ್ದ ಹುಲಿಗೆಮ್ಮನ ಕೈಯಿಂದ ಚೀಟಿಯ ಕಟ್ಟು ಜಾರಿ ನೆಲದ ತುಂಬ ಹರಡಿತು.

“ಅವ್ರು ಅಂಗಡಿ ಮುಂದೆ ನಿಲ್ಲೋ ಹೊತ್ತಿಗೆ ಆಸ್ಪತ್ರೇಲಿ ಹದಿನೆಂಟು ವರ್ಷ ಕೆಲ್ಸ ಮಾಡಿದ್ದವಳು ನಾನು. ಪಕ್ಕದಲ್ಲೇ ನಿಂತಿದ್ದೆ. ಖುಷಿ ಪಡ್ತಿದ್ದೆ ಕಣ್ರಿ, ಖುಷಿ ಪಡ್ತಿದ್ದೆ! ನನ್ನ ಆರು ತಿಂಗಳ ಸುಖ ಅವತ್ತು ಒಂದೇ ಏಟಿಗೆ ಕಾಯಿಲೆ ಆಗೋಯ್ತು,” ಎನ್ನುತ್ತಾರೆ. ಆ ಸೀರೆ ಪೆಟ್ಟಿಗೆಯ ತಳ ಸೇರಿತು. ಆಮೇಲೆ ಕನಸು ಶುರುವಾಯಿತು. ಮಂಜು ಮುಸುಕಿದ ಪೇಟೆ ಬೀದಿ, ಎಲ್ಲ ಅಂಗಡಿಗಳ ಬಾಗಿಲೂ ಹಾಕಿವೆ, ಸಿದ್ದಯ್ಯ ಒಂದು ಅಂಗಡಿ ಮುಂದೆ ಬೆನ್ನು ಮಾಡಿ ನಿಂತಿದ್ದಾರೆ. ನೋವಿಗೆ ನಿಂತಿರೋ, ನನಗಾಗಿ ನಿಂತಿರೋ ಎಂದು ಕೇಳಲು ಹುಲಿಗೆಮ್ಮ ನಡೆಯುತ್ತಲೇ ಇರುತ್ತಾರೆ. ಬೀದಿ ಉದ್ದವಾಗುತ್ತಲೇ ಹೋಗುತ್ತದೆ. ಬಸ್ಸಿನಲ್ಲಿ ಕಣ್ಣು ಮುಚ್ಚಿದರೂ ಸಾಕು, ಮಾಚೇನಹಳ್ಳಿ ಬರುವುದರೊಳಗೆ ಆ ಬೀದಿ ಬಂದುಬಿಡುತ್ತಿತ್ತು. ಅದಕ್ಕೇ ಅವರು ಕೆಮ್ಮು ಕೇಳುವ ಅಭ್ಯಾಸ ಮಾಡಿಕೊಂಡಿದ್ದು.

ಈಚಿನ ಒಂದು ಸೋಮವಾರದ ಮಾತು. ಗೋಪಾಳ ಬಡಾವಣೆಯಿಂದ ವಿಮಲಮ್ಮ ಎಂಬವರು ಮಂಡಿನೋವಿಗೆಂದು ಬಂದು ಬೆಂಚಿನ ಮೇಲೆ ಕೂತಿದ್ದರು. ಜೊತೆಗೆ ಬಂದ ಗಂಡ ಉಜ್ಜನಪ್ಪ ನಿವೃತ್ತ ಡ್ರಿಲ್ ಮೇಷ್ಟ್ರು. ಅವರು ಗೋಡೆ ಪಕ್ಕ ನೆಟ್ಟಗೆ ನಿಂತು ತಾಯಿಯ ಎದೆಹಾಲಿನ ಮಹತ್ವದ ಪೋಸ್ಟರನ್ನು ಪರೀಕ್ಷೆಗೆ ಓದುವಂತೆ ಓದುತ್ತಿದ್ದರು.

“ಮಂಡಿನೋವಿಂದ ಏನು ಬಿಟ್ಟಿದೀರಕ್ಕ?” ಎಂದು ಹುಲಿಗೆಮ್ಮ ಎಂದಿನಂತೆ ಕೇಳಿದರು.

“ಏನೂ ಬಿಟ್ಟಿಲ್ಲ ಕಣಮ್ಮ. ಸಂಜೆ ಬಸ್ಸಲ್ಲಿ ಬಂದು ಇವ್ರ ಜೊತೆ ಗಾಂಧಿ ಬಜಾರು ಸುತ್ತೋದನ್ನೂ ಬಿಟ್ಟಿಲ್ಲ. ಮೊದ್ಲೆಲ್ಲ ಮಾರ್ಚ್‌ಪಾಸ್ಟ್ ಥರ ಹೋಗೋರು, ನಾನು ಹಿಂದೆ ಓಡ್ಬೇಕಿತ್ತು. ಈಗ ನಾಲ್ಕು ತಿಂಗಳಿಂದ ದೇವ್ರು ಒಳ್ಳೆ ಬುದ್ಧಿ ಕೊಟ್ಟಿದಾನೆ. ನಾಲ್ಕು ಅಂಗಡಿಗೊಂದ್ಸಲ ನಿಂತು ಆ ಪಾತ್ರೆ ನೋಡು, ಈ ಬಳೆ ನೋಡು ಅಂತಾರೆ,” ಎಂದು ವಿಮಲಮ್ಮ ಮುಖ ಅರಳಿಸಿದರು.

ಹುಲಿಗೆಮ್ಮನ ಪೆನ್ಸಿಲು ನಿಂತಿತು. ಎದ್ದು ಸೀದಾ ಪೋಸ್ಟರಿನ ಹತ್ತಿರ ಹೋದರು.

“ಮೇಷ್ಟ್ರೇ, ನಡೀವಾಗ ಎಲ್ಲಿ ನಿಲ್ತೀರಿ?”

“ಎಲ್ಲೂ ಇಲ್ಲ. ಪೇಶೆಂಟು ಅವಳು ಮಾರಾಯ್ತಿ, ನಾನಲ್ಲ.”

“ಪಾತ್ರೆ ಅಂಗಡಿ ಮುಂದೆ ನಿಲ್ತೀರಂತಲ್ಲ.”

ಉಜ್ಜನಪ್ಪ ಹೆಂಡತಿಯ ಕಡೆ ನೋಡಿದರು. ದನಿ ಇಳಿಸಿ, “ಅವಳಿಗೆ ಹೇಳ್ಬೇಡ. ಗ್ಯಾಸು ಅಷ್ಟೆ, ಎರಡು ನಿಮಿಷ ನಿಂತ್ರೆ ಎದೆ ಸಡಿಲ ಆಗುತ್ತೆ. ಮೊದ್ಲು ಅವಳ ಮಂಡಿ ಆಪರೇಶನ್ ಆಗ್ಲಿ. ಇದು ಗೊತ್ತಾದ್ರೆ ಅವಳು ತನ್ನದು ಬೇಡ ಅಂತಾಳೆ,” ಎಂದರು. ಆಮೇಲೆ ಸ್ಕೂಟರ್ ಸರಿಯಾಗಿ ನಿಲ್ಲಿಸಿ ಬರುತ್ತೇನೆಂದು ಬಾಗಿಲ ಕಡೆ ಹೆಜ್ಜೆ ಹಾಕಿದರು. ಬಂದದ್ದು ಸಿಟಿ ಬಸ್ಸಿನಲ್ಲಿ, ಸ್ಕೂಟರ್ ಎಲ್ಲಿಂದ ಬರಬೇಕು! ಮೂವತ್ತು ವರ್ಷ ಮಕ್ಕಳ ಕಳ್ಳನೆಪ ಹಿಡಿದ ಮೇಷ್ಟ್ರಿಗೆ ತನಗೊಂದು ನೆಟ್ಟಗಿನ ನೆಪ ಹೇಳಲು ಬರಲಿಲ್ಲ.

ಹುಲಿಗೆಮ್ಮ ಬಾಗಿಲಿಗೆ ಅಡ್ಡ ನಿಂತರು. “ನಮ್ಮನೆಯವ್ರೂ ಹಿಂಗೇ ನಿಂತಿದ್ರು ಮೇಷ್ಟ್ರೇ. ನಾನು ಇನ್ನೊಂದ್ಸಲ ನೋಡ್ತಾ ನಿಲ್ಲಲ್ಲ,” ಎಂದು ಅವರ ಕೈ ಹಿಡಿದು ಕೂರಿಸಿ ಚೀಟಿ ಬರೆದರು. ಅದು ಎಪ್ಪತ್ತನೆಯ ಚೀಟಿ. ಹಿಂದೆ ಪೆನ್ಸಿಲಿನಲ್ಲಿ, ‘ಅಂಗಡಿ ಮುಂದೆ ನಿಲ್ತಾರೆ.’ ಆಡಳಿತ ಮಂಡಳಿಯವರ ನೆಂಟರೇ ಬಂದರೂ ಸರದಿ ತಪ್ಪಿಸದ ಹೆಂಗಸು ಅಂದು ಎಪ್ಪತ್ತನೆಯ ಚೀಟಿಯನ್ನು ಎಲ್ಲರಿಗಿಂತ ಮೊದಲು ಒಳಗೆ ಕಳಿಸಿದರು. ಬೆಂಚು ಎದ್ದು ಕೂಗಾಡಿತು. “ಬೈಯಿರಿ, ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ,” ಎಂದು ಹುಲಿಗೆಮ್ಮ ಬಾಗಿಲು ಎಳೆದುಕೊಂಡರು.

ಕವನಾ ಚೀಟಿ ಮಗುಚಿ ನೋಡಿದವರೇ ಇಸಿಜಿ ಮಾಡಿಸಿದರು. ಅರ್ಧ ಗಂಟೆಯಲ್ಲಿ ಆಂಬುಲೆನ್ಸ್ ಬಂತು. ದೊಡ್ಡಾಸ್ಪತ್ರೆಯಲ್ಲಿ ನೋಡಿದರೆ ಹೃದಯದ ಮುಖ್ಯ ರಕ್ತನಾಳ ನೂರಕ್ಕೆ ತೊಂಬತ್ತರಷ್ಟು ಕಟ್ಟಿತ್ತು. ಆಂಬುಲೆನ್ಸ್ ಹತ್ತುವ ಮೊದಲು ವಿಮಲಮ್ಮ, “ನಾನು ಖುಷಿ ಪಡ್ತಿದ್ನಲ್ಲಮ್ಮಾ,” ಎಂದು ಗೋಳೋ ಎಂದು ಅತ್ತರು. ಹುಲಿಗೆಮ್ಮ ಅವರ ಕೈ ಹಿಡಿದು ಹತ್ತಿಸಿದರು.

ಏಳು ವಾರ ಕಳೆದ ಮೇಲೆ ದಂಪತಿ ಮತ್ತೆ ಬಂದರು. ಉಜ್ಜನಪ್ಪನವರ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ, ನಡಿಗೆ ಚುರುಕಾಗಿದೆ. ವಿಮಲಮ್ಮನದು ಈಗ ಹೊಸ ದೂರು: “ನಿನ್ನಿಂದ ಆಗಿದ್ದು ನೋಡಮ್ಮ, ಮತ್ತೆ ಮಾರ್ಚ್‌ಪಾಸ್ಟ್ ಶುರು! ಒಂದು ಅಂಗಡಿ ಮುಂದೂ ನಿಲ್ಲಲ್ಲ!” ಬೆಂಚಿಗೆ ಬೆಂಚೇ ನಕ್ಕಿತು. ವಿಮಲಮ್ಮ ಡಾಕ್ಟರ ಹತ್ತಿರ ಒಳಗೆ ಹೋದಾಗ ಹುಲಿಗೆಮ್ಮ ಮೇಷ್ಟ್ರ ಪಕ್ಕ ಕೂತರು. ಏಳು ವರ್ಷ ಕನಸಿನಲ್ಲಿ ಹೊತ್ತು ನಡೆದ ಪ್ರಶ್ನೆ ಬಾಯಿಗೆ ಬಂದಿತ್ತು.

“ಒಂದು ಮಾತು ಕೇಳ್ತೀನಿ, ನಿಜ ಹೇಳ್ಬೇಕು. ಆಗ ಅಂಗಡಿ ಮುಂದೆ ನಿಲ್ತಿದ್ರಲ್ಲ, ಬರೀ ನೋವಿಗೆ ನಿಲ್ತಿದ್ರಾ?”

ಉಜ್ಜನಪ್ಪ ಹೆಂಡತಿ ಹೋದ ಬಾಗಿಲ ಕಡೆ ನೋಡಿದರು. “ನಿಲ್ತಿದ್ದಿದ್ದು ನೋವಿಗೇನೆ,” ಎಂದರು. “ಆದ್ರೆ ಅವಳು ಗಾಜಿನೊಳಗೆ ಅಷ್ಟು ಆಸೆಯಿಂದ ನೋಡೋಳು. ಮೂವತ್ತೈದು ವರ್ಷ ಅವಳ ಮುಂದೆ ನಡೆದವನು ನಾನು, ಅವಳ ಮುಖ ಯಾವತ್ತು ನೋಡಿದ್ದೆ? ನೋವು ಹೋದ ಮೇಲೂ ಒಂದು ನಿಮಿಷ ನಿಂತೇ ಇರ್ತಿದ್ದೆ.”

ಹುಲಿಗೆಮ್ಮ ಎದ್ದು ಹೋಗಿ ಕುಡಿಯುವ ನೀರಿನ ಡ್ರಮ್ಮಿನ ಹಿಂದೆ ನಿಂತು ಮನಸಾರೆ ಅತ್ತು, ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದು ಮುಂದಿನ ಚೀಟಿ ಕರೆದರು. ಆ ವಾರವೇ ಪೆಟ್ಟಿಗೆಯ ತಳದಿಂದ ಸೀರೆ ಹೊರಗೆ ಬಂತು. ಬೀದಿಯ ಕನಸು ಈಗಲೂ ಬೀಳುತ್ತದಂತೆ. “ಆದ್ರೆ ಬೀದಿ ಮೊದ್ಲಿನಷ್ಟು ಉದ್ದ ಇಲ್ಲ,” ಎನ್ನುತ್ತಾರೆ. ನಿವೃತ್ತಿಗೆ ಇನ್ನು ಹೆಚ್ಚು ದಿನ ಉಳಿದಿಲ್ಲ. ಏನಾದರೂ ಆಸೆ ಇದೆಯೇ ಎಂದರೆ, “ಪೇಟೆ ಬೀದೀಲಿ ಅಲ್ಲಲ್ಲಿ ಒಂದು ಬೆಂಚು ಹಾಕ್ಸಿದ್ರೆ ಸಾಕಿತ್ತು. ಸುಸ್ತಾದೋರು ನೆಪ ಹುಡುಕೋ ಹಾಗಿರಲ್ಲ,” ಎನ್ನುತ್ತಾರೆ, ದೊಡ್ಡದೇನೋ ಕೇಳಿಬಿಟ್ಟವರಂತೆ ಸಂಕೋಚಪಟ್ಟು.

ಸಂಜೆ ವಾಪಸಾಗುವಾಗ ಭದ್ರಾವತಿಯಲ್ಲಿ ಅವರು ಎರಡು ಸ್ಟಾಪು ಮೊದಲೇ ಇಳಿಯುತ್ತಾರೆ. ದೀಪ ಹತ್ತುವ ಹೊತ್ತು, ಹೊಳೆ ಕಡೆಯಿಂದ ತಣ್ಣನೆ ಗಾಳಿ. ಸಿದ್ದಯ್ಯ ನಿಂತಿದ್ದ ಅದೇ ಸೀರೆ ಅಂಗಡಿಯ ಗಾಜಿನ ಮುಂದೆ ಬಂದು ನಿಲ್ಲುತ್ತಾರೆ. ಒಳಗಿನಿಂದ ಅಂಗಡಿಯವರು, “ಬನ್ನಿ ಅಮ್ಮಾ, ಹೊಸ ಸ್ಟಾಕು ಬಂದಿದೆ,” ಎಂದು ಕರೆಯುತ್ತಾರೆ.

“ಏನೂ ಬೇಡಪ್ಪ,” ಎನ್ನುತ್ತಾರೆ ಹುಲಿಗೆಮ್ಮ. “ನಂಗೆ ನೋವೂ ಇಲ್ಲ, ಗ್ಯಾಸೂ ಇಲ್ಲ. ಸುಮ್ನೆ ಒಂದು ನಿಮಿಷ ನಿಲ್ತೀನಿ.”